ರೊಟ್ಟಿ ಬಡಿಯುವ ಕೈ

ಲಾರಿಗಳು ಬಂದು ಉಚ್ಚೀರಪ್ಪನ ಹೊಟ್ಟೆಯ ಮೇಲೆ ಹೊಡೆದವು. ಆದೋನಿಯಿಂದ ಎಮ್ಮಿಗನೂರಿನ ನೇಕಾರರಿಗೆ ನೂಲು ಹೇರುತ್ತಿದ್ದ ಬಂಡಿ ಮೂಲೆಗೆ ಬಿತ್ತು, ಎತ್ತುಗಳನ್ನು ಮಾರಿದ್ದಾಯಿತು. ಹೆಂಡತಿ ಭೀಮಕ್ಕ ಊರಿನ ಹತ್ತಿ ಮಿಲ್ಲಿಗೆ ಕೂಲಿಗೆ ಹೋಗತೊಡಗಿದಳು. ಮಿಲ್ಲಿಗೆ ಹೆಂಗಸರು ಬೇಕಿದ್ದರು; ಬಂಡಿ ಹೊಡೆಯುವ ಗಂಡಸು ಯಾರಿಗೂ ಬೇಡವಾಗಿದ್ದ.

ಹಗಲೆಲ್ಲ ಹತ್ತಿಯ ಧೂಳು ಕುಡಿದು ಬಂದವಳು ಒಲೆಯ ಮುಂದೆ ಕೂತು ಕೆಮ್ಮುವುದನ್ನು ನೋಡಲಾರದೆ ಉಚ್ಚೀರಪ್ಪ ತಾನೇ ಜೋಳದ ಹಿಟ್ಟಿಗೆ ಕೈ ಹಾಕಿದ. ಮೊದಮೊದಲು ರೊಟ್ಟಿ ಹರಿದವು, ಸುಟ್ಟವು. ಆಮೇಲೆ ಕೈ ಕುದುರಿತು. ನಿಜ ಹೇಳಬೇಕೆಂದರೆ ಅಷ್ಟು ತೆಳ್ಳಗೆ ಬಡಿಯುವವರು ಓಣಿಯಲ್ಲೇ ಇರಲಿಲ್ಲ. ಆದರೆ ಆ ಪುಣ್ಯಾತ್ಮ ಬಾಗಿಲು ಹಾಕಿಕೊಂಡೇ ಬಡಿಯುತ್ತಿದ್ದ. ಕಳ್ಳನೂ ಅಷ್ಟು ಹೆದರಲಾರ.

ಬಾಗಿಲು ಹಾಕಿದರೆ ಸದ್ದು ನಿಲ್ಲುತ್ತದೆಯೇ? ಒಂದು ಸಂಜೆ ಪಕ್ಕದ ಮನೆಯ ಗಾದಿಲಿಂಗಪ್ಪ ಬಂದು ಕದ ತಟ್ಟಿದ.

“ಭೀಮಕ್ಕ ಇನ್ನಾ ಮಿಲ್ಲಿನಾಗ ಅದಾಳ. ಒಳಗ ರೊಟ್ಟಿ ಬಡಿಯಾಕಿ ಯಾರಲೇ?”

ಉಚ್ಚೀರಪ್ಪ ಕೈ ಒರೆಸಿಕೊಂಡು ಬಾಗಿಲಿಗೆ ಅಡ್ಡ ನಿಂತ. ಬಾಯಿಗೆ ಬಂದದ್ದು ಹೇಳಿದ: “ಅದಾಳ ಬಿಡೋ, ಒಬ್ಬಾಕಿ.”

ಗಾದಿಲಿಂಗಪ್ಪನ ಮುಖ ಅರಳಿತು. “ಭಲೇ ಮಗನ!” ಎಂದು ಬೀಡಿ ಕೊಟ್ಟ. ಎತ್ತು ಮಾರಿದ ಮೇಲೆ ಉಚ್ಚೀರಪ್ಪನನ್ನು ಯಾರೂ ಹಾಗೆ ನೋಡಿರಲಿಲ್ಲ. ಅವನಿಗೆ ಹಿತವಾಯಿತು, ಥೂ!

ಸುದ್ದಿ ಮಿಲ್ಲು ಮುಟ್ಟಿತು. “ನೀ ದುಡೀತಿ, ಆಕಿ ಉಣತಾಳ,” ಎಂದು ಜೊತೆಯ ಹೆಂಗಸರು ಭೀಮಕ್ಕನಿಗೆ ಕನಿಕರ ತೋರಿಸಿದರು. ಆಕೆ ಮನೆಗೆ ಬಂದು ಕೇಳಿದರೆ, “ನಾಕು ದಿನ ಮಾತಾಡತಾರ, ಬಿಡು,” ಎಂದ ಉಚ್ಚೀರಪ್ಪ. ಓಣಿಯವರು ಬಿಡಲಿಲ್ಲ. ಹಿರಿಯ ನರಸಣ್ಣ ಇಬ್ಬರನ್ನೂ ಕಟ್ಟೆಗೆ ಕರೆಸಿದ.

“ತಪ್ಪು ನಿಂದಾ ಐತಿ ಭೀಮಕ್ಕ. ಹೇಣ್ತಿ ಮಿಲ್ಲು ಹಿಡದ್ರ ಗಂಡ ಇನ್ನೇನ ಮಾಡ್ಯಾನ? ನಾಳಿಂದ ಮಿಲ್ಲು ಬಿಡು.”

ಅವಳ ಕೂಲಿ ನಿಂತರೆ ಆ ಮನೆಯ ಒಲೆ ಹತ್ತುವುದಿಲ್ಲ. ಇದು ಉಚ್ಚೀರಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ನೆಲ ನೋಡುತ್ತ ನಿಂತ.

“ಯಾವಾಕಿನೂ ಇಲ್ಲ ಯಪ್ಪಾ. ರೊಟ್ಟಿ ಬಡಿಯಾದು ನನ್ನ ಗಂಡ,” ಎಂದಳು ಭೀಮಕ್ಕ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಮುದುಕಿ ಅಂಬಮ್ಮ ಮಾತ್ರ ನಗಲಿಲ್ಲ. ತನ್ನ ಮನೆಯಿಂದ ನಾದಿದ ಹಿಟ್ಟು, ಮಣೆ ತಂದು ಉಚ್ಚೀರಪ್ಪನ ಮುಂದಿಟ್ಟಳು. “ಬಡಿಯಪಾ, ನೋಡಾಣ.”

ಭೀಮಕ್ಕನ ಮುಖಕ್ಕೆ ಜೀವ ಬಂತು. ಒಂದೇ ಒಂದು ರೊಟ್ಟಿ ಸಾಕಿತ್ತು. ಉಚ್ಚೀರಪ್ಪ ಉಂಡೆಯನ್ನು ಮಣೆಯ ಮೇಲಿಟ್ಟ. ಬೆರಳುಗಳು ತಾವಾಗಿಯೇ ಹಿಟ್ಟನ್ನು ತಿರುಗಿಸತೊಡಗಿದವು. ತಲೆ ಎತ್ತಿದರೆ ಎದುರಿಗೆ ಗಾದಿಲಿಂಗಪ್ಪ ಹಲ್ಲು ಕಿರಿದುಕೊಂಡು ನಿಂತಿದ್ದ. ಉಚ್ಚೀರಪ್ಪ ಬೇಕೆಂದೇ ಹೆಬ್ಬೆರಳು ಒತ್ತಿ ರೊಟ್ಟಿಯನ್ನು ನಡುವೆ ಹರಿದ. ಇನ್ನೊಂದನ್ನೂ ಹರಿದ.

“ಗಂಡಸಿನ ಕೈಗೆ ಇದೆಲ್ಲ ಬರತೈತೇನು!” ಎಂದು ತಾನೇ ಮೊದಲು ನಕ್ಕ.

“ಸರೇ, ಮುಗೀತು,” ಎಂದು ನರಸಣ್ಣ ಎದ್ದ.

ಮನೆ ಹೊಕ್ಕ ಮೇಲೆ ಉಚ್ಚೀರಪ್ಪ ರೂಢಿಯಂತೆ ಹಿಟ್ಟಿನ ಗಡಿಗೆಗೆ ಕೈ ಹಾಕಿದ. ಭೀಮಕ್ಕ ಆ ಕೈಯನ್ನು ಆಚೆ ಸರಿಸಿದಳು.

“ನಾಳಿಂದ ರೊಟ್ಟಿ ನಾನಾ ಬಡೀತೀನಿ. ಗಂಡಸು ಅದೀಯಲ್ಲ, ಹಿಟ್ಟು ನೀ ತಗಂಬಾ.”