ಗೊಂಬೆ ತೊಟ್ಟ ಹಸಿರು ಕುಪ್ಪಸ

ಶಹಾಬಾದಿನಲ್ಲಿ ಬ್ಲೌಸ್ ಹೊಲಿಯುವ ಬಸವೇಶ್ವರಿ ಅಂದರೆ ನಾನೇ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಗೊಂಬೆಗಳಿದ್ದವು. ನಗುವವರು ನಗಲಿ, ನನ್ನದೇನು ಗಂಟು ಹೋಗುತ್ತದೆ! ಎರಡು ಬೆರಳಲ್ಲಿ ಹಿಡಿಯುವಂಥ ಸೊಂಟಕ್ಕೆ ಇಳಕಲ್ಲ ಸೀರೆಯ ನಿರಿಗೆ ಕೂಡಿಸುವ ಸುಖ ಅವರಿಗೇನು ಗೊತ್ತು?

ಮೊದಲನೆಯದು ವಾಡಿ ಸ್ಟೇಷನ್ನಿನ ಹೊರಗೆ, ಗುಜರಿಯವನ ಗುಡ್ಡೆಯಲ್ಲಿ ಸಿಕ್ಕ ಬಾರ್ಬಿ. ಮೈಮೇಲೆ ನೂಲಿಲ್ಲ, ಒಂದು ಕೈಯನ್ನು ಯಾವುದೋ ಮಗು ಜಗಿದು ಹಾಕಿತ್ತು. ತಂದು, ತೊಳೆದು, ಕೂದಲು ಬಾಚಿ, ಖಣದ ಕುಪ್ಪಸ ತೊಡಿಸಿದೆ. ಆ ದಿನ ಊಟ ಮಾಡುವುದೇ ಮರೆತುಹೋಯಿತು. ಆಮೇಲೆ ಹುಚ್ಚು ಹಿಡಿಯಿತು ನೋಡಿ, ಕಲಬುರಗಿಗೆ ಹೋದಾಗಲೆಲ್ಲ ಒಂದು ಗೊಂಬೆ ನನ್ನ ಚೀಲದಲ್ಲಿ.

ಯಾರ ಬ್ಲೌಸ್ ಹೊಲಿದರೂ ಉಳಿದ ಚೂರಿನಲ್ಲಿ ಒಂದು ಗೊಂಬೆಗೆ ಅಂಥದ್ದೇ ಬ್ಲೌಸ್. ಅದೇ ಕುತ್ತಿಗೆ, ಅದೇ ತೋಳು. ಓಣಿಯ ಹೆಂಗಸರೆಲ್ಲ ನನ್ನ ಕಪಾಟಿನಲ್ಲಿ ತುದಿಗಾಲಲ್ಲಿ ನಿಂತಿದ್ದರು.

ಅದರಲ್ಲೊಂದನ್ನು ಮಾತ್ರ ಹಿಂದೆ ಬಚ್ಚಿಟ್ಟಿದ್ದೆ. ಹಸಿರು ರೇಷ್ಮೆ, ಕೆಂಪು ಅಂಚು. ಎದುರು ಮನೆಯ ರಾಧಿಕಾಳ ಮದುವೆ ಬ್ಲೌಸಿನ ತುಂಡು. ಚಿನ್ನದಂಥ ಹುಡುಗಿ, ಹೆರಿಗೆಯಲ್ಲಿ ಸತ್ತಳು. ಅತ್ತೆ ವಿಮಲಾಬಾಯಿ ಸೊಸೆಯ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿಸಿ ಕಾಗಿಣಾ ಹೊಳೆಗೆ ಬಿಡಿಸಿಬಿಟ್ಟಳು. ಗಂಡ ಚನ್ನುವಿನ ಪಾಲಿಗೆ ಒಂದು ಸೆರಗಿನ ಚೂರೂ ಉಳಿಯಲಿಲ್ಲ. ಅವನಿಗೆ ಈ ಗೊಂಬೆ ತೋರಿಸಬೇಕು ಅಂದುಕೊಳ್ಳುತ್ತಿದ್ದೆ, ನಕ್ಕಾನೆಂದು ಸುಮ್ಮನಾಗುತ್ತಿದ್ದೆ.

ಮೊನ್ನೆ ಶ್ರಾವಣದಲ್ಲಿ ವಿಮಲಾಬಾಯಿ ಬ್ಲೌಸ್ ಒಯ್ಯಲು ಬಂದಳು. ನಾನು ನೀರು ತರುವಷ್ಟರಲ್ಲಿ ಮಷಿನ್ ಮೇಲಿನ ಗೊಂಬೆಯನ್ನು ದಿಟ್ಟಿಸುತ್ತ ನಿಂತಿದ್ದಳು. ಅದರ ಮೈಮೇಲೆ ಅವಳದೇ ನೇರಳೆ ಬಟ್ಟೆ. ಕುತ್ತಿಗೆ ಸರಿಯಾಗಿ ಕೂಡಲೆಂದು ನಾನು ಎದೆಗೆ ಗುಂಡುಸೂಜಿ ಚುಚ್ಚಿದ್ದೆ.

“ಯವ್ವಾ, ಎದಿಗಿ ಸೂಜಿ! ಅದಕ್ಕ ನನಗ ಎದಿ ಹಿಡ್ಕೊಂಡದ. ಭಾನಾಮತಿ, ಮಾಟ ಮಾಡ್ಲಿಕತ್ತೀ ಏನ ನನಗ?”

ನನಗೆ ನಗು ಬಂತು. ಆ ನಗುವೇ ಕೆಲಸ ಕೆಡಿಸಿತು.

“ಭಾನಾಮತಿ ಯಾಕ ಬೇಕ್ರಿ? ಮುಂಜಾನೆದ್ದು ಮಿರ್ಚಿ ಭಜಿ ತಿನ್ನೂದು ಬಿಡ್ರಿ, ಎದಿ ತಾನೇ ಹಗೂರಾಗ್ತದ.”

“ನನ್ನ ಸೊಸೀನ್ನೂ ನೀನೇ ತಿಂದಿ!” ಎಂದು ಬಾಯಿ ಬಡಿದುಕೊಳ್ಳುತ್ತ ಓಡಿದಳು.

ತಾಯಿಯ ಮಾತು ಕೇಳಿ ಚನ್ನು, ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವ ಯಾರ್ಡಿನಿಂದ ನೇರ ಬಂದ. ಮೈತುಂಬ ಕಲ್ಲಿನ ಬಿಳಿ ಪುಡಿ, ಕೈಯಲ್ಲಿ ಸುತ್ತಿಗೆ, ಹಿಂದೆ ಅವನ ಗೆಳೆಯರು, ಅವರ ಹಿಂದೆ ವಿಮಲಾಬಾಯಿ. ಒಂದೇ ಏಟಿಗೆ ಕಪಾಟಿನ ಗಾಜು ಪುಡಿಯಾಯಿತು. ಗೊಂಬೆಗಳನ್ನು ಬಾಚಿ ಕೆಳಗೆ ಕೆಡವಿದರು, ತುಳಿದರು, ಕತ್ತು ಕಿತ್ತು ಅಂಗಳಕ್ಕೆ ಎಸೆದರು. ನನ್ನ ಮೈಯೆಲ್ಲ ಉರಿದುಹೋಯಿತು. ಕತ್ತರಿ ತೆಗೆದುಕೊಂಡು ಚನ್ನುವಿನ ತೋಳಿಗೆ ಹಾಕಿದೆ. ರಕ್ತ ಚಿಮ್ಮಿತು. ಅವನು ನನ್ನ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ.

ಬಿದ್ದಲ್ಲಿಂದಲೇ ಹಸಿರು ಗೊಂಬೆಯನ್ನು ಎಳೆದುಕೊಂಡು ಹೊಟ್ಟೆಯ ಕೆಳಗೆ ಒತ್ತಿ ಮಲಗಿದೆ. ಬೆನ್ನಿಗೆ ಒದ್ದರು, ಬಿಡಲಿಲ್ಲ.

“ಅಕಿ ಹೊಟ್ಟಿ ಕೆಳಗ ಅದ ನೋಡ್ರೋ, ಅಸಲೀದು ಅದೇ!” ಎಂದು ವಿಮಲಾಬಾಯಿ ಚೀರಿದಳು.

ಚನ್ನು ನನ್ನ ಬಲಗೈಯನ್ನು ಎಳೆದು ನೆಲದ ಮೇಲಿಟ್ಟು ಸುತ್ತಿಗೆ ಇಳಿಸಿದ. ಕತ್ತರಿ ಹಿಡಿಯುವ ಬೆರಳುಗಳು ಲಟಕ್ಕೆಂದವು. ನಾನು ಕೂಗಿದ ಕೂಗು ನನಗೇ ಕೇಳಲಿಲ್ಲ. ಅವನು ಗೊಂಬೆ ಕಿತ್ತುಕೊಂಡು ಒಡೆಯಲು ಎತ್ತಿದ, ಎತ್ತಿದ ಕೈ ಮೇಲೆಯೇ ನಿಂತಿತು. ಹಸಿರು ತೋಳನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಇದು… ಅಕೀದು ಅಲ್ಲಾ?”

“ಹೌದೋ ಮೂಳಾ! ನಿನ್ನ ಹೇಣ್ತಿ ಮದುವಿ ಬ್ಲೌಸಿನ ಚೂರು. ಅದೊಂದೇ ಉಳದದ. ಒಡಿ, ಒಡದು ಹೊಳಿಗಿ ಹಾಕು!”

ಅವನು ಕೆಂಪು ಅಂಚನ್ನೂ ಸವರಿ ನೋಡಿದ. ಅಷ್ಟರಲ್ಲಿ ವಿಮಲಾಬಾಯಿ ಅವನ ಕೈಯಿಂದ ಅದನ್ನು ಕಸಿದಳು. ಅಂಗಳದಲ್ಲಿ ಗೊಂಬೆಗಳ ರಾಶಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ್ದರು. ಅದರೊಳಗೆ ಎಸೆದಳು.

ರೇಷ್ಮೆ ಚುರುಗುಟ್ಟಿತು. ಚನ್ನು ಬರಿಗೈಯನ್ನೇ ಬೆಂಕಿಗೆ ಹಾಕಿ ತೆಗೆದಾಗ ಅಂಗೈಗೆ ಅಂಟಿಕೊಂಡು ಬಂದದ್ದು ಒಂದು ಕರಿ ಮುದ್ದೆ. ಅವನು ತಾಯಿಯನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಅವಳನ್ನು ತಳ್ಳಿದ. ಫರಸಿ ಮೆಟ್ಟಿಲಿಗೆ ಅವಳ ಹಣೆ ಒಡೆಯಿತು. ಗೆಳೆಯರು ಬಂದು ಹಿಡಿಯದಿದ್ದರೆ ಸುತ್ತಿಗೆಯೂ ಅವಳ ಮೇಲೆ ಇಳಿಯುತ್ತಿತ್ತು.

ದವಾಖಾನೆಯಲ್ಲಿ ನನ್ನ ಕೈಗೆ ಪ್ಲಾಸ್ಟರ್ ಹಾಕಿದರು. ಮನೆಗೆ ಬಂದ ಮೇಲೆ ಖಾಲಿ ಕಪಾಟಿನ ಮುಂದೆ ಕೂತು ಬಾಯಿಗೆ ಬಂದಂತೆ ಎಲ್ಲರನ್ನೂ ಬೈದೆ, ಅತ್ತೆ, ಮತ್ತೆ ಬೈದೆ.

ಒಂದು ಮಧ್ಯಾಹ್ನ ಚನ್ನು ಬಾಗಿಲಿಗೆ ಬಂದ. ಅವನ ಕೈಗೂ ಬ್ಯಾಂಡೇಜು. ಕಂಕುಳಲ್ಲಿದ್ದ ಕರವಸ್ತ್ರ ಬಿಚ್ಚಿದ. ಹೊಚ್ಚ ಹೊಸ ಗೊಂಬೆ. ಅದರ ಮೈಮೇಲಿದ್ದ ಅಂಗಡಿಯ ಫ್ರಾಕನ್ನು ತಾನೇ ಬಿಚ್ಚಿ ತಂದಿದ್ದ.

“ಅಕ್ಕಾರ, ಕಲಬುರಗಿಂದ ತಂದೀನ್ರಿ. ಅಕೀ ಬ್ಲೌಸು ಇದಕ್ಕ ಹೊಲದು ಕೊಡ್ರಿ.”

“ಬೆರಳು ಮುರದು ಹೊಲೀ ಅಂತೀ? ನಾಚಿಗಿ ಅದ ಏನ ನಿನಗ?”

“ಕೈ ಆರಾಮಾದ ಮ್ಯಾಲ್ರಿ. ಎಷ್ಟ ದಿನ ಆದ್ರೂ ಕಾಯ್ತೀನ್ರಿ.”

“ಕೈ ಇವತ್ತಲ್ಲ ನಾಳಿ ಕೂಡತದೋ ಹುಚ್ಚಾ. ಬಟ್ಟಿ ಎಲ್ಲಿಂದ ತರ್ಲಿ?”

ಅವನು ಕಪಾಟಿನ ಕಡೆ ನೋಡಿದ, ಮಷಿನ್ ಕೆಳಗಿನ ಚೂರುಗಳ ಬುಟ್ಟಿಯ ಕಡೆ ನೋಡಿದ. ಹಸಿರು ಎಲ್ಲಿಯೂ ಇರಲಿಲ್ಲ. ಗೊಂಬೆಯನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡು, ನನ್ನ ಹೊಸ್ತಿಲ ಮೇಲೆಯೇ ಕುಸಿದು ಕೂತು ಅಳತೊಡಗಿದ. ಏಳು ಅಂತ ನಾನು ಅನ್ನಲಿಲ್ಲ.