ಏಳು ವಿಮಾನಕ್ಕೂ ಒಂದೇ ಸ್ಟ್ಯಾಂಡ್‌ಬೈ

ಇದು ನಡೆದದ್ದೇ. ಒಂದಕ್ಷರ ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ.

ವಿಮಾನ ನಿಲ್ದಾಣದ ಟವರಿನಲ್ಲಿ ಕೂತು, ರೇಡಿಯೊದಲ್ಲಿ ಹೇಳಿ ವಿಮಾನ ಇಳಿಸುವ ಕೆಲಸದವನೊಬ್ಬನಿದ್ದ. ಜೊತೆಯವರಿಬ್ಬರು ಜ್ವರ ಅಂತ ಮಲಗಿದ್ದರಿಂದ ಮೂರು ದಿನ ಅವರ ಪಾಳಿಯೂ ಇವನ ತಲೆಗೇ ಬಿದ್ದಿತ್ತು. ಕಣ್ಣೇನೋ ತೆರೆದಿತ್ತು, ಒಳಗಿನ ಮನುಷ್ಯ ಮಲಗಿಬಿಟ್ಟಿದ್ದ.

ಟವರು 'ಸ್ಟ್ಯಾಂಡ್‌ಬೈ' ಅಂದರೆ ಪೈಲಟ್ ಮರುಮಾತಾಡುವಂತಿಲ್ಲ. ಕರೆಯುವ ತನಕ ಕಾಯಬೇಕು. ಮನೆಯಲ್ಲೂ ಇವನಿಗೆ ಅದೇ ಚಟ. ಹೆಂಡತಿ 'ನಲ್ಲಿ ಸೋರ್ತಿದೆ' ಅಂದರೂ ಸ್ಟ್ಯಾಂಡ್‌ಬೈ, 'ಎರಡು ಮಾತಾಡಿ' ಅಂದರೂ ಸ್ಟ್ಯಾಂಡ್‌ಬೈ. ಕಾದು ಕಾದು ಸಾಕಾಗಿ ಅವಳು ತವರಿಗೆ ಹೊರಟುಹೋಗಿದ್ದಳು. ಇವನು ಫೋನಿನಲ್ಲೇ ಕೈಕಾಲು ಹಿಡಿದು ಒಪ್ಪಿಸಿದ ಮೇಲೆ, ಅವತ್ತು ಮಧ್ಯಾಹ್ನದ ವಿಮಾನಕ್ಕೆ ವಾಪಸ್ ಬರುವವಳಿದ್ದಳು.

ಮೂರು ಗಂಟೆಗೆ ಮೊದಲ ವಿಮಾನ 'ಇಳೀಬಹುದಾ?' ಅಂತು. ಇವನ ನಾಲಿಗೆ ತಾನಾಗಿಯೇ 'ಸ್ಟ್ಯಾಂಡ್‌ಬೈ' ಅಂತು. ಎರಡನೆಯದಕ್ಕೂ ಅದೇ. ಹಾಗೇ ಏಳು ವಿಮಾನ ತುಟಿಪಿಟಕ್ಕೆನ್ನದೆ ಸುತ್ತತೊಡಗಿದವು. ಸುತ್ತಿ ಸುತ್ತಿ ಮೋಡವೆಲ್ಲ ಕಡೆದು ಬೆಣ್ಣೆ ಬಂತು. ರನ್‌ವೇ ಮೇಲೆ ಬಿದ್ದದ್ದನ್ನು ಬೆಂಕಿ ಆರಿಸುವವರು ಸಲಿಕೆಯಲ್ಲಿ ಬಳಿದು ಹಾಕಿದರು.

ಹತ್ತೊಂಬತ್ತನೇ ಸುತ್ತಿಗೆ ಒಬ್ಬ ಹಿರಿಯ ಪೈಲಟ್ ನಿಯಮ ಮುರಿದರು.

"ಟವರಣ್ಣಾ, ಎದ್ದಿದೀಯೇನಪ್ಪಾ?"

"ಹಾಂ... ಹೇಳಿ ಸಾರ್."

"ನಾನೇನ್ ಹೇಳ್ಲಿ. ಟವರಿನವ್ರು ಸ್ಟ್ಯಾಂಡ್‌ಬೈ ಅಂದಿದಾರೆ ಅಂತ ಮೈಕಲ್ಲಿ ಹೇಳಿದ್ದೇ ತಡ, ಹನ್ನೆರಡನೇ ಸಾಲಿನ ಹೆಣ್ಮಗಳೊಬ್ರು ನಿಂಗೆ ಚೀಟಿ ಕಳ್ಸಿದಾರೆ. ಓದ್ಲಾ?"

"ಓ... ಓದಿ."

"'ಮನೇಲಿ ಕಾಯ್ಸಿದ್ದು ಸಾಲ್ದು ಅಂತ ಆಕಾಶದಲ್ಲೂ ಕಾಯಿಸ್ತಿದೀರಾ? ನಾನು ಇಳೀಲಾ, ಇಲ್ಲ ಇದೇ ವಿಮಾನದಲ್ಲಿ ಅಮ್ಮನ ಮನೆಗೆ ಹೋಗ್ಲಾ?'"

ಚೀಟಿ ಇವನ ಹೆಂಡತಿಯದೇ. ಏಳೂ ವಿಮಾನದವರು ಕಿವಿಗೊಟ್ಟಿರುವ ರೇಡಿಯೊ ಅದು. ಆದರೆ ಈಗ ಬಾಯಿಬಿಡದಿದ್ದರೆ ಹೆಂಡತಿ ಕೈತಪ್ಪುತ್ತಾಳೆ.

"ಇಳೀಬಹುದು. ತಪ್ಪು ನಂದೇ. ಸುಸ್ತಾಗಿದೆ ಕಣೇ, ಮನೆಗೆ ಬಾ."

ಟವರು ಕೊಟ್ಟ ಅಪ್ಪಣೆಯನ್ನು ಪೈಲಟ್ ಹಾಗೇ ತಿರುಗಿ ಒಪ್ಪಿಸಬೇಕು. ಹಿರಿಯರು ಗಂಟಲು ಸರಿಮಾಡಿಕೊಂಡರು.

"ಇಳೀತೀವಿ. ತಪ್ಪು ನಿಮ್ದೇ. ಸುಸ್ತಾಗಿದೆ, ಮನೆಗೆ ಬರ್ತೀವಿ."

ಉಳಿದ ಆರು ಮಂದಿಯೂ, ಯಾರೂ ಕೇಳದಿದ್ದರೂ, ಒಬ್ಬೊಬ್ಬರಾಗಿ ಒಪ್ಪಿಸಿದರು: "ತಪ್ಪು ನಿಮ್ದೇ."

ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತವನು ಶೂ ಬಿಚ್ಚುವ ಮೊದಲೇ ನಿದ್ದೆಹೋದ. ಹೆಂಡತಿ ಪಕ್ಕದಲ್ಲಿ ಕೂತು, ಅವನ ತಲೆಗೆ ಹೆಗಲು ಕೊಟ್ಟು, ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದ ಬೈಗುಳವನ್ನೆಲ್ಲ ನಾಳೆಗೆ ಎತ್ತಿಟ್ಟಳು.

ನಂಬಿಕೆ ಬರದವರು ಎದ್ದು ಹೋಗಬಹುದು. ನಂಬಿದವರು ಒಂಚೂರು ಸರಿದು ಜಾಗ ಬಿಡಿ. ಒಂದೇ ಉಸಿರಿಗೆ ಇಷ್ಟು ನಿಜ ಹೇಳಿ ನನಗೂ ಸಾಕಾಗಿದೆ, ಕಾಲು ಚಾಚಬೇಕು.