ಬಲಗಡೆಯ ಏಳನೇ ಕಿಟಕಿ

ಮಾಡೆಲ್ ವಿಮಾನದ ಬಲಗಡೆಯ ಹೋಳನ್ನು ಅಮ್ಮ ಕೈಗೆತ್ತಿಕೊಂಡು, ಕಿಟಕಿಗಳ ಸಾಲಿನ ಮೇಲೆ ಬೆರಳಾಡಿಸುತ್ತ ಬಂದು, ಏಳನೆಯದರ ಮೇಲೆ ನಿಲ್ಲಿಸಿದಳು.

"ಇಲ್ಲಿ ಕಿಟಕಿ ಇರ್ಲಿಲ್ಲ ಕಣೋ," ಅಂದಳು.

ನಾನು ಕನ್ನಡಕದ ಗಾಜು ಉಜ್ಜುವವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಿರಾಕಿ ತಲೆನೋವು ಅಂತ ವಾಪಸ್ ಬರುವ ಕಸುಬು. ಕೆಳಗಿನ ಅಂಗಡಿ ಮುಚ್ಚಿ ಮೇಲೆ ಮನೆಗೆ ಬಂದವನು ಮತ್ತೆ ಪ್ಲಾಸ್ಟಿಕ್ ಮಾಡೆಲ್‌ಗಳ ಮುಂದೆ ಕೂರುತ್ತೇನಲ್ಲ, ಇದು ಹವ್ಯಾಸವೋ ಕಾಯಿಲೆಯೋ ಅಂತ ಅಕ್ಕ ಕೇಳುತ್ತಾಳೆ. ಚೌಕಟ್ಟಿನಿಂದ ಬಿಡಿಭಾಗ ಕತ್ತರಿಸುವುದು, ಕತ್ತರಿಸಿದ ಗುರುತು ಹೋಗುವ ತನಕ ಮರಳುಕಾಗದದಲ್ಲಿ ಉಜ್ಜುವುದು, ಅಂಟಿಸುವುದು, ಬಣ್ಣ ಹಚ್ಚುವುದು. ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದರ ಕೈಪಿಡಿ. ಪ್ರತಿ ತುಂಡಿಗೂ ಒಂದು ಸಂಖ್ಯೆ, ಪ್ರತಿ ಹೆಜ್ಜೆಗೂ ಒಂದು ಚಿತ್ರ. ಅದು ಹೇಳಿದ ಹಾಗೆ ಕೇಳಿದರೆ ತಪ್ಪೇ ಆಗುವುದಿಲ್ಲ. ಮನುಷ್ಯರಿಗೆ ಇಂಥದ್ದೊಂದು ಇದ್ದಿದ್ದರೆ ನಾನು ಇಷ್ಟು ಸಿಡುಕನಾಗುತ್ತಿರಲಿಲ್ಲ.

ಈ ಮಾಡೆಲನ್ನು ಅಮ್ಮನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆಂದೇ ಹುಡುಕಿ ತರಿಸಿದ್ದೆ. ಇದೇ ಜಾತಿಯ ವಿಮಾನಗಳ ಒಳಗೆ ಇಪ್ಪತ್ತೆರಡು ವರ್ಷ ಅವಳು ಕಸ ಗುಡಿಸಿದವಳು. ಇಳಿದ ವಿಮಾನ ಮತ್ತೆ ಹಾರುವುದಕ್ಕೆ ನಲವತ್ತು ನಿಮಿಷ ಇರುತ್ತಿತ್ತಂತೆ. ಅಷ್ಟರಲ್ಲಿ ಎಲ್ಲ ಸೀಟೂ ಲಕಲಕ ಅನ್ನಬೇಕು.

ನಾನು ಕೈಪಿಡಿ ಬಿಡಿಸಿ ಅವಳ ಮೂಗಿನ ಕೆಳಗೆ ಹಿಡಿದೆ. "ನೋಡು, ಒಂದೊಂದು ಕಡೆ ಇಪ್ಪತ್ತು ಕಿಟಕಿ. ಬೇಕಾದ್ರೆ ಎಣಿಸ್ಕೋ."

"ಇದನ್ನ ಬರೆದೋನು ಒಳಗೆ ಕಸ ಗುಡಿಸಿದ್ನಾ?" ಅಂತ ಕೇಳಿ ಹೋಳನ್ನು ಮೇಜಿನ ಮೇಲಿಟ್ಟು ಎದ್ದುಹೋದಳು.

ಅಕ್ಕ ಅಲ್ಲೇ ಇದ್ದಳು. ಅಮ್ಮ ಏನೇನು ಮರೆತಳು ಅನ್ನುವುದರ ಪಟ್ಟಿ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೀಗದ ಕೈ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿದ್ದು, ನನ್ನನ್ನು ತನ್ನ ತಮ್ಮ ಅಂದುಕೊಂಡು ಅರ್ಧ ಗಂಟೆ ಮಾತಾಡಿದ್ದು. ಈಗ ಪಟ್ಟಿಗೆ ಕಿಟಕಿಯೂ ಸೇರಿತು.

"ಬರೋ ಭಾನುವಾರ ಬಂದಾಗ ಅಮ್ಮನ ಹತ್ರ ಇರೋ ಬೀಗದ ಕೈ ಇಸ್ಕೊಂಡ್ಬಿಡ್ತೀನಿ," ಅಂದಳು ಮೆಲ್ಲಗೆ. "ಇನ್ಮೇಲೆ ಒಬ್ಳೇ ಹೊರಗೆ ಹೋಗೋದು ಬೇಡ."

ಅಮ್ಮ ದಿನಾ ಹತ್ತು ಗಂಟೆಗೆ ಚೀಲ ಹಿಡಿದು ಹೊರಡುತ್ತಾಳೆ, ಹನ್ನೆರಡಕ್ಕೆ ವಾಪಸ್. ಎಲ್ಲಿಗೆ ಅಂತ ಹೇಳುವುದಿಲ್ಲ. ಔಷಧಿ ಅಂಗಡಿಯ ತಿರುವಿನ ತನಕ ನಾನು ಕಿಟಕಿಯಲ್ಲಿ ನಿಂತು ನೋಡುತ್ತೇನೆ. ಅವಳು ತಿರುವಿನಲ್ಲಿ ನಿಂತು, ಹಾಜರಿ ಹಾಕಿದ ಹಾಗೆ ಕೈ ಎತ್ತಿ ಮರೆಯಾಗುತ್ತಾಳೆ. ಆ ಓಡಾಟ ನಿಲ್ಲಿಸಿದರೆ ಅವಳು ಅರ್ಧ ಸಾಯುತ್ತಾಳೆ ಅಂತ ನನಗೆ ಗೊತ್ತಿತ್ತು. ಆದರೂ ಅಕ್ಕನನ್ನು ತಡೆಯಲಿಲ್ಲ. ನನಗೂ ಹೆದರಿಕೆಯಿತ್ತು.

ಆದರೆ ಅಮ್ಮ ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದಳು. ಮರೆವಿನವರು ಎಲ್ಲೋ ಏನೋ ಅನ್ನುತ್ತಾರೆ. ಇವಳು ಎಣಿಸಿಕೊಂಡು ಬಂದು ಏಳಕ್ಕೇ ನಿಂತಿದ್ದಳು. ಏಳೇ ಯಾಕೆ? ಹಳೆಯ ಫೋಟೋಗಳನ್ನೆಲ್ಲ ಹುಡುಕಿ, ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲದರಲ್ಲೂ ಇಪ್ಪತ್ತು ಕಿಟಕಿ. ಅಲ್ಲಿಗೆ ವಿಷಯ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗಾಜು ಉಜ್ಜುವಾಗಲೂ ಅದೇ ಯೋಚನೆ. ಕೊನೆಗೆ ಗಿರಾಕಿಯೊಬ್ಬರ ಮುಂದೆ ಬಾಯಿಬಿಟ್ಟೆ. ಅವರು ವಿಮಾನ ಮೆಕ್ಯಾನಿಕ್‌ಗಳ ತರಬೇತಿ ಶಾಲೆಯ ಮೇಷ್ಟ್ರು. "ಅದೇ ವಿಮಾನ ನಮ್ಮ ಅಂಗಳದಲ್ಲೇ ನಿಂತಿದೆಯಲ್ರೀ, ಪಾಠಕ್ಕೆ ಅಂತ. ಬಂದು ನೋಡಿ," ಅಂದರು.

ಗುರುವಾರ ಅಂಗಡಿಗೆ ಬೀಗ ಹಾಕಿ ಅಮ್ಮನನ್ನು ಕರೆದುಕೊಂಡು ಹೋದೆ.

ಶಾಲೆಯ ಗೇಟಿನಿಂದಲೇ ಎಣಿಸಿದೆ. ಏಳನೆಯದು ಇತ್ತು. ಉಳಿದವುಗಳ ಹಾಗೇ ಮೊಟ್ಟೆಯಾಕಾರದಲ್ಲಿ, ಕಪ್ಪಗೆ ಹೊಳೆಯುತ್ತ ಇತ್ತು. ಇಷ್ಟು ಹೊತ್ತೂ ಅಮ್ಮನೇ ಗೆಲ್ಲಲಿ ಅಂತ ಹಂಬಲಿಸುತ್ತಿದ್ದೆ ಅಂತ ಆಗಷ್ಟೇ ನನಗೆ ತಿಳಿಯಿತು.

"ಇದೆಯಲ್ಲಮ್ಮ," ಅಂದೆ.

ಅವಳು ಕಿವಿಗೇ ಹಾಕಿಕೊಳ್ಳದೆ, ಕಂಬಿ ಹಿಡಿದು ಏಣಿ ಹತ್ತಿ ಒಳಗೆ ಹೋದಳು. ಮೇಷ್ಟ್ರು ನನ್ನನ್ನು ರೆಕ್ಕೆಯ ಹತ್ತಿರ ಕರೆದು, ಉದ್ದ ಕೋಲಿನಿಂದ ಆ ಕಿಟಕಿಯನ್ನು ಕುಟ್ಟಿದರು. ಠಣ್ ಅಂದಿತು.

"ತಗಡು!" ಅಂದೆ.

"ಇದು ಹುಸಿ ಕಿಟಕಿ. ಒಳಗೆ ಗಾಳಿ ಕೊಳವೆ ಮೇಲಕ್ಕೆ ಹೋಗೋ ಜಾಗ ಇದು. ಸಾಲು ಕೆಡಬಾರದು ಅಂತ ತಗಡು ಮುಚ್ಚಿ ಕಪ್ಪು ಬಣ್ಣ ಬಳಿದಿದ್ದಾರೆ."

ಮಾಡೆಲ್ ಮಾಡಿದವನು ಹೊರಗೆ ನಿಂತು ನೋಡಿದ್ದ. ಫೋಟೋ ತೆಗೆದವನೂ ಅಷ್ಟೇ, ನಾನೂ ಅಷ್ಟೇ. ಐವತ್ತು ದಾಟಿದ ಗಂಡಸು ನಾನು, ಒಂದೇ ಉಸಿರಿಗೆ ಏಣಿ ಹತ್ತಿದೆ. ಒಳಗೆ ಗೋಡೆಯ ಪಕ್ಕದ ಸೀಟಿನಲ್ಲಿ ಅಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲಿ ಕಿಟಕಿ ಇರಲಿಲ್ಲ.

"ನೀನೇ ಸರಿ ಅಮ್ಮ!"

"ಗೊತ್ತು," ಅಂದಳು. "ಮೇಲ್ವಿಚಾರಕ ಕೆಳಗೆ ನಿಂತು ಕಿಟಕಿಗಳಲ್ಲಿ ನಮ್ಮ ತಲೆ ನೋಡ್ತಿದ್ದ. ಯಾರಾದ್ರೂ ಕೂತ್ರೆ ಬೈಗುಳ. ಈ ಒಂದು ಸೀಟು ಮಾತ್ರ ಅವನಿಗೆ ಕಾಣ್ತಿರ್ಲಿಲ್ಲ. ದಿನಾ ಐದು ನಿಮಿಷ ಇಲ್ಲಿ ಕೂರ್ತಿದ್ದೆ."

"ಕೂತು ಏನ್ ಮಾಡ್ತಿದ್ದೆ?"

"ಏನೂ ಇಲ್ಲ. ಮನೇಲಿ ನೀವು, ಇಲ್ಲಿ ಅವನು. ಯಾರೂ ನನ್ನ ನೋಡ್ದೇ ಇರೋ ಜಾಗ ಅಂತ ಇದ್ದಿದ್ದು ಇದೊಂದೇ."

ದಿನಾ ಹತ್ತು ಗಂಟೆಗೆ ಕಿಟಕಿಯಲ್ಲಿ ನಿಲ್ಲುವ ನನ್ನ ಮುಖ ನನಗೇ ನೆನಪಾಗಿ ನಾಚಿಕೆಯಾಯಿತು.

ಗೇಟು ದಾಟುವಾಗ ಅಮ್ಮ ಕೇಳಿದಳು, "ನಾವು ಇಲ್ಲಿಗೆ ಯಾಕೆ ಬಂದಿದ್ವಿ?" ನಾನು ಅವಳ ಕೈ ಹಿಡಿದುಕೊಂಡೆ.

ಮನೆಗೆ ಬಂದು ಕೈಪಿಡಿ ಮಡಚಿಟ್ಟೆ. ಏಳನೇ ಕಿಟಕಿಯ ಪಾರದರ್ಶಕ ತುಂಡನ್ನು ಕಿತ್ತು, ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿ, ಹೊರಗಡೆ ಕಪ್ಪು ಬಣ್ಣ, ಒಳಗಡೆ ಗೋಡೆಯ ಬಣ್ಣ ಹಚ್ಚಿದೆ. ಆಮೇಲೆ ಎರಡೂ ಹೋಳು ಅಂಟಿಸಿದೆ.

ಭಾನುವಾರ ಅಕ್ಕ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ, ಗೇಟಿನ ಹತ್ತಿರದ ಮಾತನ್ನೂ ಬಿಡದೆ.

"ಹಳೇದು ನೆನಪಿರುತ್ತೆ, ಹೊಸದು ಮರೆತೋಗುತ್ತೆ. ಇದರಿಂದ ಏನು ಸಾಬೀತಾಯ್ತು?" ಅಂದಳು.

"ಏನೂ ಇಲ್ಲ. ಆದ್ರೂ ಬೀಗದ ಕೈ ಅಮ್ಮನ ಹತ್ರಾನೇ ಇರ್ಲಿ. ನಮ್ಮ ಫೋನ್ ನಂಬರ್, ವಿಳಾಸ ಬರೆದು ಕೊಟ್ಟಿದ್ದೀನಿ, ಅವಳೇ ಓದಿ ಚೀಲದಲ್ಲಿ ಇಟ್ಕೊಂಡಿದ್ದಾಳೆ."

"ಏನಾದ್ರೂ ಆದ್ರೆ?"

"ಆದ್ರೆ ನನ್ನನ್ನ ಬೈಯಿ."

ಅಕ್ಕ ಮುಖ ಊದಿಸಿಕೊಂಡಳು. ಹತ್ತಕ್ಕೆ ಸರಿಯಾಗಿ ಅಮ್ಮ ಹೊರಟಳು. ಅಕ್ಕ ಕಿಟಕಿಯತ್ತ ಓಡಿದಳು. ನಾನು ಅಡ್ಡ ಹೋಗಿ ಪರದೆ ಎಳೆದೆ.

ಕಿಟಕಿಗೆ ಬೆನ್ನು ಮಾಡಿ ವಿಮಾನದ ಬಾಲಕ್ಕೆ ಬಣ್ಣ ಹಚ್ಚಲು ಕೂತೆ. ಗೆರೆ ಸೊಟ್ಟಗಾಯಿತು. ಹನ್ನೆರಡಾಯಿತು. ಹನ್ನೆರಡೂ ಕಾಲು. ಅಕ್ಕ ನನ್ನನ್ನು ನುಂಗುವ ಹಾಗೆ ನೋಡುತ್ತ ಮೇಜಿನ ಆಚೆ ಕೂತಿದ್ದಳು.

ಹನ್ನೆರಡೂವರೆಗೆ ಬಾಗಿಲಲ್ಲಿ ಬೀಗದ ಕೈ ತಿರುಗಿತು. ಅಮ್ಮ ಒಳಗೆ ಬಂದು ಚೀಲ ಇಟ್ಟು, ಚಪ್ಪಲಿ ಬಿಟ್ಟಳು.

ಎಲ್ಲಿಗೆ ಹೋಗಿದ್ದೆ ಅಂತ ಕೇಳಲು ಅಕ್ಕ ಬಾಯಿ ತೆರೆದಳು. ಮೇಜಿನ ಕೆಳಗೆ ನಾನು ಅವಳ ಕಾಲು ತುಳಿದೆ.